ಹಿಂದಿನ ಪಿಸ್ಟನ್ ಒತ್ತಬೇಡಿ, ತಿರುಗಿಸಿ

ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ರಸ್ತೆಯ ಗ್ಯಾರೇಜ್ ಮೇಸ್ತ್ರಿಗಳೇ,

ನಾನು ಬಾಡಿಗೆ ಕಾರಿನವನು. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದವರನ್ನು ಹತ್ತಿಸಿಕೊಂಡು ಹಳೇಬೀಡು, ಬೇಲೂರು ತೋರಿಸುತ್ತೇನೆ. ಕೆಲವರನ್ನು ಚಿಕ್ಕಮಗಳೂರಿನ ಬೆಟ್ಟ ಹತ್ತಿಸುತ್ತೇನೆ, ಇನ್ನು ಕೆಲವರನ್ನು ಮೂಡಿಗೆರೆ ದಾಟಿಸಿ ಚಾರ್ಮಾಡಿ ಘಾಟಿ ಇಳಿಸಿ ಧರ್ಮಸ್ಥಳಕ್ಕೆ ಬಿಟ್ಟುಬರುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ನನ್ನ ಕಾರಿನ ಕೆಳಗೆ ಮಲಗಿ ಎದ್ದವರೇ. ಭಾನುವಾರ ರಾತ್ರಿ ಫೋನ್ ಮಾಡಿದರೂ ಬೈಯದೆ ಬಂದವರಿದ್ದೀರಿ. ಆ ಸಲುಗೆಯಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ಕೋಪ ಬಂದರೆ ಒಂದು ಕಾಫಿ ಕುಡಿದು ಮುಂದೆ ಓದಿ.

ವಿಷಯ ಸಣ್ಣದು. ಹಿಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸುವುದು. ಅದರಲ್ಲೂ, ಹೊಸ ಪ್ಯಾಡ್ ಕೂರಿಸುವ ಮುಂಚೆ ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ಕಳಿಸುವುದು. ಮುಂದಿನ ಚಕ್ರದಲ್ಲಿ ಇದನ್ನು ನೀವು ಕಣ್ಣು ಮುಚ್ಚಿ ಮಾಡುತ್ತೀರಿ. ಹಳೇ ಪ್ಯಾಡನ್ನೇ ಅಡ್ಡ ಇಟ್ಟು ಜಿ-ಕ್ಲ್ಯಾಂಪ್ ಬಿಗಿದರೆ ಪಿಸ್ಟನ್ ಮಾತಾಡದೆ ಒಳಗೆ ಹೋಗುತ್ತದೆ. ಹಿಂದಿನದಕ್ಕೂ ಅದೇ ಕ್ಲ್ಯಾಂಪ್ ತರುತ್ತೀರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಹಿಂದಿನ ಚಕ್ರದಿಂದ ಕೀರಲು ಸದ್ದು ಬರುತ್ತಿತ್ತು. ಒಂದು ಗ್ಯಾರೇಜಿಗೆ ಬಿಟ್ಟೆ. ಯಾವ ಊರಿನದು, ಯಾರದು ಎಂದು ಇಲ್ಲಿ ಬರೆಯುವುದಿಲ್ಲ. ಬಲಗಡೆಯ ಪಿಸ್ಟನ್ ಹೇಗೋ ಹೋಯಿತು. ಎಡಗಡೆಯದು ಹೋಗಲಿಲ್ಲ. ಹುಡುಗ ಕ್ಲ್ಯಾಂಪಿನ ಹಿಡಿಗೆ ಒಂದು ಪೈಪು ತೂರಿಸಿ ಮೈಭಾರ ಹಾಕಿದ. ಒಳಗೆ ಕಟಕ್ ಎಂದಿತು. "ಬಂತು ನೋಡಿ ಅಣ್ಣಾ" ಅಂದ. ನಾನೂ ಶಹಭಾಸ್ ಅಂದೆ. ಎರಡೂ ಚಕ್ರ ಸೇರಿ ಅರ್ಧ ಗಂಟೆ ಹಿಡಿಯಲಿಲ್ಲ.

ಮೂರನೇ ದಿನ ಬೆಂಗಳೂರಿನ ಒಂದು ಸಂಸಾರವನ್ನು ಮುಳ್ಳಯ್ಯನಗಿರಿಗೆ ಕರೆದೊಯ್ದಿದ್ದೆ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರೆ ಹಿಡಿ ನೇರ ಮೇಲಕ್ಕೆ ಬಂತು, ಹಗ್ಗ ಕಳಚಿದ ಬಾವಿ ರಾಟೆಯಂತೆ ಕೈಗೆ ಭಾರವೇ ಇಲ್ಲ. ಹಿಂದಿನ ಸೀಟಿನ ಅಜ್ಜಿ ಒಂದು ಕಾಲು ಹೊರಗಿಟ್ಟಿದ್ದರು. ಗಾಡಿ ಹಿಂದಕ್ಕೆ ಜಾರತೊಡಗಿತು. ಕಾಲು ಬ್ರೇಕಿನ ಮೇಲೇ ಇದ್ದದ್ದರಿಂದ ಉಳಿದೆವು. ಅವರ ಮಗ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ, ನಾನು ಗೇರಿಗೆ ಹಾಕಿದೆ. ಆಮೇಲೆ ಹಾಸನದಲ್ಲಿ ಬಿಚ್ಚಿಸಿದಾಗ ಎಡಗಡೆಯ ಕ್ಯಾಲಿಪರಿನ ಒಳಗಿನ ಅಡ್ಜಸ್ಟರ್ ಮುರಿದಿತ್ತು. ಹೊಸ ಕ್ಯಾಲಿಪರಿಗೆ ಪ್ಯಾಡಿನ ನಾಲ್ಕು ಪಟ್ಟು ದುಡ್ಡು ಹೋಯಿತು. ದುಡ್ಡು ಹೋಗಲಿ, ಆ ಅಜ್ಜಿ ಬೆಟ್ಟ ಇಳಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ತಪ್ಪು ಪೂರಾ ನಿಮ್ಮದೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ಬಾಡಿಗೆಗೆ ಓಡಿದ್ದು ಅಂಬಾಸಿಡರ್, ಸುಮೋ, ಇಂಡಿಕಾ. ಆಮೇಲೆ ಡಿಜೈರ್, ಇಟಿಯೋಸ್, ಇನ್ನೋವಾ. ಎಲ್ಲಕ್ಕೂ ಹಿಂದೆ ಡ್ರಮ್. ಡ್ರಮ್ ಬಿಚ್ಚಿ ಲೈನರ್ ಹಾಕಿ ಸ್ಪ್ರಿಂಗ್ ಸಿಕ್ಕಿಸುವುದರಲ್ಲಿ ನಿಮ್ಮ ಕೈ ಪಳಗಿದೆ. ಹಿಂದೆಯೂ ಡಿಸ್ಕ್ ಇರುವ ಗಾಡಿಗಳು ಈಗೀಗ ನಿಮ್ಮ ಬಾಗಿಲಿಗೆ ಬರುತ್ತಿವೆ: ಕ್ರೆಟಾ, ಸೆಲ್ಟೋಸ್‌ನ ಮೇಲಿನ ಮಾಡೆಲ್‌ಗಳು, ಗ್ರ್ಯಾಂಡ್ ವಿಟಾರ, ಎಕ್ಸ್‌ಯುವಿ 700. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಹಳೇಬೀಡಿನ ದೇವಸ್ಥಾನದ ಮುಂದೆ ರಜಾ ದಿನ ನಿಂತು ನೋಡಿ, ಎಷ್ಟು ಬಗೆಯ ಗಾಡಿಗಳು ಎಂದು. ಅವುಗಳಲ್ಲಿ ಒಂದಕ್ಕೆ ಬ್ರೇಕ್ ಕಿರುಗುಟ್ಟಿದರೆ ಹುಡುಕಿಕೊಂಡು ಬರುವುದು ನಿಮ್ಮ ಶೆಡ್ಡಿಗೇ.

ಮುಂದಿನ ಪಿಸ್ಟನ್ನಿಗೆ ಒಬ್ಬನೇ ಯಜಮಾನ, ಕಾಲು. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಅದನ್ನು ನೂಕುತ್ತದೆ, ಬಿಟ್ಟರೆ ಸುತ್ತ ಇರುವ ಚೌಕ ಅಂಚಿನ ರಬ್ಬರ್ ರಿಂಗು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಹಿಂದಿನದಕ್ಕೆ ಇಬ್ಬರು, ಕಾಲು ಮತ್ತು ಕೈ. ಹ್ಯಾಂಡ್ ಬ್ರೇಕ್ ಎಳೆದಾಗ ಕೇಬಲ್ಲು ಕ್ಯಾಲಿಪರಿನ ಬೆನ್ನಿಗಿರುವ ಸಣ್ಣ ಸನ್ನೆಯನ್ನು ತಿರುಗಿಸುತ್ತದೆ. ಅದು ಒಳಗಿನ ತಿರುಪನ್ನು ನೂಕಿ, ತಿರುಪು ಪಿಸ್ಟನ್ನನ್ನು ಪ್ಯಾಡಿಗೆ ಒತ್ತುತ್ತದೆ. ಪ್ಯಾಡ್ ಸವೆದಷ್ಟೂ ಹ್ಯಾಂಡ್ ಬ್ರೇಕಿನ ಹಿಡಿ ಮೇಲೆ ಮೇಲೆ ಹೋಗಬಾರದಲ್ಲ, ಅದಕ್ಕಾಗಿ ಆ ತಿರುಪಿನ ಮೇಲಿನ ನಟ್ಟು ತಾನೇ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಮುಂದೆ ಸರಿಯುವುದು ಮಾತ್ರ ಅದಕ್ಕೆ ಗೊತ್ತು. ಹಿಂದಕ್ಕೆ ಬರಬೇಕಾದರೆ ಪಿಸ್ಟನ್ನನ್ನು ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸಬೇಕು. ಬರೀ ಒತ್ತಿದರೆ ಅದು ಒಂದೋ ಕಲ್ಲಿನಂತೆ ಕೂರುತ್ತದೆ, ಇಲ್ಲವೇ ಕಟಕ್ ಎನ್ನುತ್ತದೆ.

ಗುರುತು ಹಿಡಿಯುವುದು ಕಷ್ಟವಿಲ್ಲ. ಪಿಸ್ಟನ್ನಿನ ಮುಖ ನೋಡಿ. ಮುಂದಿನದು ಲೋಟದ ಬಾಯಿಯಂತೆ ಬೋಳು. ಹಿಂದಿನದರ ಮುಖದಲ್ಲಿ ಕೂಡಿಸುವ ಗುರುತಿನಂತೆ ಅಡ್ಡ ಉದ್ದ ಕೊರೆದ ಗೀರೋ, ಎದುರುಬದುರು ಎರಡು ಕಚ್ಚೋ ಇದ್ದರೆ ಅದು ತಿರುಗಿಸುವ ಜಾತಿ. ಕ್ಯಾಲಿಪರಿನ ಬೆನ್ನಿಗೆ ಹ್ಯಾಂಡ್ ಬ್ರೇಕ್ ಕೇಬಲ್ ಬಂದಿದ್ದರೆ ಇನ್ನೂ ಖಾತ್ರಿ. ಕೆಲವು ಗಾಡಿಗಳಲ್ಲಿ ಡಿಸ್ಕಿನ ಹೊಟ್ಟೆಯೊಳಗೇ ಸಣ್ಣ ಡ್ರಮ್ ಇಟ್ಟು ಹ್ಯಾಂಡ್ ಬ್ರೇಕನ್ನು ಅದಕ್ಕೆ ಬಿಟ್ಟಿರುತ್ತಾರೆ. ಅಲ್ಲಿ ಪಿಸ್ಟನ್ ಒತ್ತಿದರೆ ಸಾಕು, ಮುಂದಿನದರಂತೆಯೇ. ಮೂರನೆಯದು ಹಿಡಿಯೇ ಇಲ್ಲದ, ಬಟನ್ ಒತ್ತುವ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್. ಕ್ಯಾಲಿಪರಿನ ಬೆನ್ನಿಗೆ ಮೋಟರು, ಅದಕ್ಕೊಂದು ವೈರು. ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡ್‌ಗೆ ತಂದರೆ ಮೋಟರು ತನ್ನ ತಿರುಪನ್ನು ತಾನೇ ಹಿಂದೆ ಎಳೆದುಕೊಳ್ಳುತ್ತದೆ, ಆಮೇಲೆ ಪಿಸ್ಟನ್ನನ್ನು ಮೆಲ್ಲಗೆ ನೇರ ಒತ್ತಬಹುದು. ಕೆಲವು ಗಾಡಿಗಳಿಗೆ ಸ್ಕ್ಯಾನರ್ ಇಲ್ಲದೆಯೂ ದಾರಿ ಇದೆ, ಮ್ಯಾನುಯಲ್ಲಿನಲ್ಲಿ ಬರೆದಿರುತ್ತದೆ. ಆ ಮೋಡ್‌ಗೆ ತರದೆ ಕ್ಯಾಲಿಪರಿನೊಳಗೆ ಬೆರಳಿಟ್ಟಿರಬೇಡಿ. ಒಳಗೆ ಕೂತ ಮಗು ಆ ಬಟನ್ ಒತ್ತಿದರೆ ಮೋಟರಿಗೆ ಪ್ಯಾಡೂ ಬೆರಳೂ ಒಂದೇ.

ಬೇಲೂರಿನಲ್ಲಿ ಗೈಡುಗಳ ಮಾತು ನನಗೆ ಬಾಯಿಪಾಠ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದರಿಂದ ಶುರುಮಾಡಿ ನವರಂಗದ ಕಂಬಗಳ ಹತ್ತಿರ ಬರುತ್ತಾರೆ. ಬಳಪದ ಕಲ್ಲಿನ ಆ ಕಂಬಗಳನ್ನು ಲೇತಿಗೆ ಹಾಕಿದಂತೆ ತಿರುಗಿಸಿಯೇ ಕಡೆದದ್ದು; ಅದನ್ನು ಗೈಡುಗಳಷ್ಟೇ ಅಲ್ಲ, ಓದಿದವರೂ ಒಪ್ಪುತ್ತಾರೆ. ನರಸಿಂಹ ಕಂಬದ ಹತ್ತಿರ ನಿಂತು, ಇದು ಒಂದು ಕಾಲಕ್ಕೆ ತನ್ನ ಬುಡದ ಮೇಲೆ ತಿರುಗುತ್ತಿತ್ತು ಎಂದೂ ಹೇಳುತ್ತಾರೆ. ತಿರುಗುತ್ತಿತ್ತೋ ಇಲ್ಲವೋ, ಅದು ಅವರಿಗೆ ಸೇರಿದ್ದು. ಆದರೆ ತಿರುಗಿಸಿ ಮಾಡಬೇಕಾದ ಕೆಲಸವನ್ನು ತಿರುಗಿಸಿಯೇ ಮಾಡಿದವರ ಊರಿನಲ್ಲಿ ಕೂತು ಪಿಸ್ಟನ್ನಿಗೆ ಪೈಪು ತೂರಿಸುತ್ತಿದ್ದೀವಲ್ಲ ಎಂದು ಆಮೇಲೆ ಒಂದು ದಿನ ಅಲ್ಲೇ ಕಂಬದ ಪಕ್ಕ ನಿಂತಾಗ ನನಗೆ ನಗು ಬಂತು. (ನಮ್ಮ ಅರಸೀಕೆರೆಯ ಶಿವಾಲಯವೂ 1220ರ ಹೊಯ್ಸಳರ ಕೆಲಸವೇ, ಹದಿನಾರು ಮೂಲೆಯ ನಕ್ಷತ್ರದ ಮಂಟಪ ಇರುವಂಥದ್ದು. ರೈಲಿಳಿದವರು ಅದನ್ನು ಬಿಟ್ಟು ನೇರ ಹಳೇಬೀಡಿಗೆ ಹೊರಡುತ್ತಾರೆ. ಆ ದುಃಖಕ್ಕೆ ಬೇರೆಯೇ ಕಾಗದ ಬರೆಯಬೇಕು.)

ಕೆಲಸಕ್ಕೆ ಬರೋಣ. ನನ್ನ ಕಾರಿನ ಹಿಂದಿನ ಪ್ಯಾಡನ್ನು ಈಗ ನಾನೇ ಬದಲಿಸುತ್ತೇನೆ, ಒಬ್ಬ ಹಳೇ ಮೇಸ್ತ್ರಿ ಎದುರಿಗೆ ಕೂತು ಹೇಳಿಕೊಟ್ಟದ್ದು. ಅವರ ಮೊದಲ ಮಾತೇ, "ಹ್ಯಾಂಡ್ ಬ್ರೇಕ್ ಇಳಿಸು." ಹಿಂದಿನ ಚಕ್ರ ಎತ್ತುವಾಗ ಹ್ಯಾಂಡ್ ಬ್ರೇಕ್ ಹಾಕಿರುವುದು ಅಭ್ಯಾಸಬಲ. ಅದು ಹಾಕಿದ್ದರೆ ಪಿಸ್ಟನ್ ತಿರುಗುವುದಿಲ್ಲ. ಇಳಿಸಿದರೆ ಗಾಡಿಗೆ ಹಿಡಿತವಿಲ್ಲ. ಆದ್ದರಿಂದ ನೆಲ ಸಮನಾಗಿರಬೇಕು, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟಿರಬೇಕು, ಜಾಕಿನ ಜೊತೆಗೆ ಸ್ಟ್ಯಾಂಡ್ ಇರಬೇಕು. ಸ್ಟ್ಯಾಂಡಿನ ಬದಲು ತೆಂಗಿನ ಮರದ ಕೊರಡು ಇಡುವ ಪದ್ಧತಿ ನಮ್ಮಲ್ಲಿದೆ, ಕೊಬ್ಬರಿ ಸೀಮೆ ತಾನೇ. ಕಾಯಿ ಸುಲಿಯಲು ಕೂರಲಿಕ್ಕೆ ಅದು ಚೆನ್ನ. ಅದರ ಮೇಲಿರುವ ಕಾರಿನ ಕೆಳಗೆ ನಿಮ್ಮ ಹುಡುಗನನ್ನು ಮಲಗಿಸಬೇಡಿ.

ಆಮೇಲೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಬೇಕು. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿಯುತ್ತದೆ, ಡಬ್ಬಿಯಲ್ಲಿ ಮಟ್ಟ ಕಮ್ಮಿಯಾಗುತ್ತದೆ. ಅದನ್ನು ಕಂಡ ಯಾರೋ ಪುಣ್ಯಾತ್ಮ ಮೇಲ್ಗೆರೆವರೆಗೆ ತುಂಬಿಸಿರುತ್ತಾನೆ. ಈಗ ಪಿಸ್ಟನ್ ಒಳಗೆ ಕಳಿಸಿದರೆ ಅಷ್ಟೂ ಉಕ್ಕಿ ಚೆಲ್ಲುತ್ತದೆ, ಬಿದ್ದ ಕಡೆ ಪೇಂಟು ಎದ್ದು ಬರುತ್ತದೆ. ಸಿರಿಂಜಿನಲ್ಲಿ ಮೊದಲೇ ಸ್ವಲ್ಪ ಎಳೆದು ತೆಗೆದರೆ ಗೊಡವೆಯಿಲ್ಲ. ಇನ್ನೂ ಒಳ್ಳೆಯದು, ಕ್ಯಾಲಿಪರಿನ ಬ್ಲೀಡರ್ ತುಸು ಸಡಿಲಿಸಿ ಪೈಪು ಸಿಕ್ಕಿಸಿ ಆ ಕೊಳೆ ಆಯಿಲನ್ನು ಬಾಟಲಿಗೆ ಬಿಡುವುದು. ಇದಕ್ಕೆ ಒಪ್ಪದವರು ನಿಮ್ಮಲ್ಲಿದ್ದಾರೆ, ಏರ್ ಹೋಗುತ್ತದೆ ಎನ್ನುತ್ತಾರೆ. ತಿರುಗಿಸುವುದು ಮುಗಿಯುವ ಮುಂಚೆ ಬ್ಲೀಡರ್ ಮುಚ್ಚಿದರೆ ಹೋಗುವುದಿಲ್ಲ. ಎಲ್ಲಕ್ಕಿಂತ ಕೊಳೆಯಾದ ಆಯಿಲ್ ಇರುವುದು ಕ್ಯಾಲಿಪರಿನ ಒಳಗೆ. ಅದನ್ನು ಹಿಂದಕ್ಕೆ ಎಬಿಎಸ್‌ನ ಸಣ್ಣ ಸಣ್ಣ ವಾಲ್ವುಗಳಿಗೆ ಯಾಕೆ ನೂಕಬೇಕು? 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದರ ಯೂನಿಟ್ ಬದಲಿಸುವ ಖರ್ಚು ಒಮ್ಮೆ ಕೇಳಿದರೆ ನೀವೂ ನನ್ನ ಪಕ್ಷಕ್ಕೆ ಬರುತ್ತೀರಿ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಬ್ರೇಕ್ ಹೋಸ್‌ನಲ್ಲಿ ನೇತುಹಾಕಬೇಡಿ. ಒಂದು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೋಸಿನ ಒಳಪದರ ಹರಿದರೆ ಹೊರಗಿನಿಂದ ಕಾಣಿಸುವುದೂ ಇಲ್ಲ.

ಇನ್ನು ತಿರುಗಿಸುವ ಹೊತ್ತು. ಇದಕ್ಕೆ ಬೇಕಾದ ಸಾಮಾನು ದೊಡ್ಡದೇನಲ್ಲ: ಒಂದು ತಿರುಪಿನ ಹಿಡಿ, ಪಿಸ್ಟನ್ನಿನ ಮುಖದ ಕಚ್ಚುಗಳಿಗೆ ಕೂರುವ ಮೊಳೆಗಳಿರುವ ಒಂದಿಷ್ಟು ಬಿಲ್ಲೆ. ಒಂದೇ ಹೊತ್ತಿಗೆ ಸ್ವಲ್ಪ ಒತ್ತುತ್ತಾ, ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಹೆಚ್ಚಿನ ಗಾಡಿಗಳಲ್ಲಿ ಎರಡೂ ಕಡೆ ಗಡಿಯಾರದ ಮುಳ್ಳಿನ ದಿಕ್ಕು. ಕೆಲವದರಲ್ಲಿ ಒಂದು ಕಡೆಯದು ಉಲ್ಟಾ. ತಿರುಗಿಸಿದಷ್ಟೂ ಬಿಗಿಯಾಗುತ್ತಿದ್ದರೆ, ಇಲ್ಲವೇ ಪಿಸ್ಟನ್ ಹೊರಗೇ ಬರುತ್ತಿದ್ದರೆ ಬಲ ಹಾಕುವ ಮುಂಚೆ ಇನ್ನೊಂದು ದಿಕ್ಕು ನೋಡಿ. ನನ್ನ ಮೇಸ್ತ್ರಿ ಒಂದು ಸುತ್ತು ತಿರುಗಿಸಿ ಬೀಡಿ ಎಳೆಯುವಷ್ಟು ನಿಧಾನ ಮಾಡುತ್ತಿದ್ದರು. ನಿಧಾನಕ್ಕೆ ಕಾರಣ ಇತ್ತು. ಪಿಸ್ಟನ್ ಜೊತೆಗೆ ಅದರ ರಬ್ಬರ್ ಬೂಟೂ ಸೀರೆ ನೆರಿಗೆಯಂತೆ ಸುತ್ತಿಕೊಳ್ಳುತ್ತದೆ. ಆಗ ನಿಲ್ಲಿಸಿ, ಅಂಚಿಗೆ ತುಸು ರಬ್ಬರ್ ಗ್ರೀಸ್ ಸವರಿ, ಬಿಡಿಸಿ, ಮತ್ತೆ ತಿರುಗಿಸಬೇಕು. ಬೂಟು ಹರಿದರೆ ಬರುವ ಮಳೆಗಾಲದಲ್ಲೇ ನೀರು ಒಳಗೆ ಹೋಗಿ ಪಿಸ್ಟನ್ ತುಕ್ಕು ಹಿಡಿಯುತ್ತದೆ. ಅರಸೀಕೆರೆಯ ಧೂಳಿನಲ್ಲಿ ಎರಡು ವರ್ಷ ತಡೆದೀತು, ಮೂಡಿಗೆರೆಯ ಮಳೆಯಲ್ಲಿ ತಡೆಯುವುದಿಲ್ಲ.

ಪೂರ್ತಿ ಒಳಗೆ ಹೋದ ಮೇಲೂ ಒಂದು ಕೆಲಸ ಉಳಿದಿದೆ, ಹಲವರು ಮರೆಯುವುದು ಇದನ್ನೇ. ಕೆಲವು ಗಾಡಿಗಳ ಒಳಪ್ಯಾಡಿನ ಬೆನ್ನಿಗೆ ಒಂದು ಸಣ್ಣ ಗುಬಟು ಇರುತ್ತದೆ. ಅದು ಪಿಸ್ಟನ್ನಿನ ಕಚ್ಚಿನೊಳಗೆ ಕೂರಬೇಕು. ಕಚ್ಚು ಎದುರಿಗೆ ಬರುವಷ್ಟು ಪಿಸ್ಟನ್ನನ್ನು ತಿರುಗಿಸಿಯೇ ನಿಲ್ಲಿಸಬೇಕು. ಗುಬಟು ಅಂಚಿನ ಮೇಲೆ ಕೂತರೆ ಪ್ಯಾಡ್ ಓರೆಯಾಗುತ್ತದೆ, ಒಂದೇ ಕಡೆ ಸವೆಯುತ್ತದೆ. ಅಷ್ಟೇ ಅಲ್ಲ, ಪಿಸ್ಟನ್ನಿಗೆ ಆಧಾರ ತಪ್ಪಿ ಅದು ತಾನೇ ತಿರುಗತೊಡಗಿದರೆ ಅಡ್ಜಸ್ಟರ್ ಕೆಲಸವೇ ಮಾಡುವುದಿಲ್ಲ. ಹ್ಯಾಂಡ್ ಬ್ರೇಕ್ ಮತ್ತೆ ಸಡಿಲ.

ಸ್ಲೈಡ್ ಪಿನ್ನುಗಳನ್ನು ಎಳೆದು ಒರೆಸಿ ಸಿಲಿಕೋನ್ ಗ್ರೀಸ್ ಹಾಕಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಪಿನ್ನನ್ನೇ ಕಚ್ಚುತ್ತದೆ. ಬ್ರೇಕ್ ಧೂಳನ್ನು ಏರ್ ಹಿಡಿದು ಊದಬೇಡಿ. ಅಗ್ಗದ ಪ್ಯಾಡು, ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ. ಬ್ರೇಕ್ ಕ್ಲೀನರೋ ಒದ್ದೆ ಬಟ್ಟೆಯೋ ಸಾಕು. ಪ್ಯಾಡನ್ನು ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ, ಲೇತಿಗೆ ಕಳಿಸುವ ಮುಂಚೆ ಅದನ್ನು ಓದಿ.

ಎಲ್ಲ ಮುಗಿದು ಚಕ್ರ ಹಾಕಿದ ಮೇಲೆ, ಇಂಜಿನ್ ಶುರುಮಾಡಿ ಗಾಡಿ ಅಲ್ಲಾಡಿಸುವ ಮುಂಚೆ, ಪೆಡಲನ್ನು ಗಟ್ಟಿಯಾಗುವವರೆಗೆ ಮೆಲ್ಲಗೆ ಒತ್ತಿ ಬಿಟ್ಟು ಮಾಡಿ. ಪಿಸ್ಟನ್ ಹಿಂದೆ ಹೋಗಿದೆ, ಪ್ಯಾಡಿಗೂ ಅದಕ್ಕೂ ನಡುವೆ ಜಾಗ ಇದೆ. ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಒಬ್ಬ ಹುಡುಗ ಇದನ್ನು ಮರೆತು ರಿವರ್ಸ್ ತೆಗೆದು ಎದುರಿನ ಮಟ್ಟೆ ರಾಶಿಗೆ ನುಗ್ಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಟ್ಟೆ ಇದ್ದದ್ದು ಪುಣ್ಯ, ಅದರ ಪಕ್ಕದಲ್ಲೇ ಟೀ ಅಂಗಡಿ. ಪೆಡಲ್ ಆದ ಮೇಲೆ ಹ್ಯಾಂಡ್ ಬ್ರೇಕನ್ನು ಹತ್ತು ಸಲ ಎಳೆದು ಬಿಟ್ಟು, ಕ್ಯಾಲಿಪರಿನ ಸನ್ನೆ ಎರಡೂ ಕಡೆ ಪೂರ್ತಿ ವಾಪಸು ಬರುತ್ತದೆಯೇ ನೋಡಿ. ಬರದಿದ್ದರೆ ಕೇಬಲ್ ತುಕ್ಕು ಹಿಡಿದಿದೆ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಹ್ಯಾಂಡ್ ಬ್ರೇಕ್ ಸಡಿಲವಿದ್ದರೆ ಕೇಬಲ್ ಬಿಗಿದು ಕಳಿಸುವುದೊಂದು ಚಟ ಇದೆ. ಅದು ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ.

ಬ್ರೇಕ್ ಆಯಿಲ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ಅದು ಗಾಳಿಯಿಂದ ನೀರು ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ ಮೂರೂವರೆ ಪಾಲಿಗಿಂತ ತುಸು ಹೆಚ್ಚು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಲೆಕ್ಕ 205 ಮತ್ತು 140. ಅರಸೀಕೆರೆಯ ಬಯಲಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಏಳು ಜನ, ಮೇಲೆ ಲಗೇಜು, ಮುಂದೆ ತೆವಳುವ ಲಾರಿ. ಆಯಿಲ್ ಕುದಿದು ಆವಿ ಗುಳ್ಳೆ ಎದ್ದರೆ ಪೆಡಲ್ ಹತ್ತಿಯಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳಿ. ವರ್ಷದಿಂದ ಮುಚ್ಚಳ ಸಡಿಲವಾಗಿ ಕಿಟಕಿ ಮೇಲೆ ಕೂತಿರುವ ಅರ್ಧ ಡಬ್ಬಿಯಿಂದ ಸುರಿಯಬೇಡಿ. ಇಳಿಜಾರಿನಲ್ಲಿ ಗೇರು ಇಳಿಸದೆ ಬ್ರೇಕಿನ ಮೇಲೇ ಬರುವ ನನ್ನ ಜಾತಿಯವರಿಗೂ ನೀವೇ ನಾಲ್ಕು ಮಾತು ಬೈಯಿರಿ.

ನಮ್ಮವರನ್ನು ಬೈಯಲು ಇನ್ನೂ ಇದೆ. ಪ್ಯಾಡ್ ಎರಡು ಮಿಲಿಮೀಟರಿಗೆ ಬಂದಿದೆ ಎಂದು ನೀವು ತೋರಿಸಿದರೆ, "ಈ ಟ್ರಿಪ್ ಮುಗಿಸಿ ಬರ್ತೀನಿ" ಎನ್ನುತ್ತೇವೆ. ಒಂದು ಚಕ್ರಕ್ಕೆ ಮುಕ್ಕಾಲು ಗಂಟೆ ಬೇಕಾದ ಕೆಲಸಕ್ಕೆ ಮುಂದಿನ ಚಕ್ರದ ಕೂಲಿ ಕೊಟ್ಟು ಚೌಕಾಸಿ ಮಾಡುತ್ತೇವೆ. ಡೂಪ್ಲಿಕೇಟ್ ಪ್ಯಾಡ್ ನಾವೇ ತಂದು ಹಾಕಿ ಎನ್ನುತ್ತೇವೆ. ಪೈಪು ತೂರಿಸಿದ ಆ ಹುಡುಗನ ಎದುರಿಗೆ ನಿಂತು "ಬೇಗ, ರೈಲು ಬರೋ ಹೊತ್ತಾಯ್ತು" ಅಂದವನು ನಾನೇ. ಹಾಗಾಗಿ ಕೂಲಿ ಜಾಸ್ತಿ ಕೇಳಿ. ಹಿಂದಿನ ಡಿಸ್ಕ್ ಬೇರೆ ಕೆಲಸ, ಅದರ ರೇಟೂ ಬೇರೆ ಎಂದು ಬೋರ್ಡಿನಲ್ಲೇ ಬರೆಸಿ. ಕೊಡದವನು ಬೇರೆ ಕಡೆ ಹೋಗಲಿ.

ಇನ್ನೊಂದು ಕೋರಿಕೆ. ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ತಮ್ಮ ಹೆಸರು ಬರೆದಿಟ್ಟು ಹೋಗಿದ್ದಾರೆ. ನೀವು ಬಿಲ್ಲಿನ ಹಿಂದೆ ಎರಡು ಸಾಲು ಬರೆದರೆ ಸಾಕು: ತಾರೀಕು, ಕಿಲೋಮೀಟರ್, ಯಾವ ಕಂಪನಿ ಪ್ಯಾಡ್, ಬ್ರೇಕ್ ಆಯಿಲ್ ಯಾವಾಗ ಹಾಕಿದ್ದು, ಕೆಲಸ ಮಾಡಿದವರ ಹೆಸರು. ಮುಂದಿನ ಸಲ ಆ ಚಕ್ರ ಬಿಚ್ಚುವವನು ಸಕಲೇಶಪುರದವನೇ ಆಗಿರಲಿ, ಸವಣೂರಿನವನೇ ಆಗಿರಲಿ, ಅವನಿಗೆ ಅರ್ಧ ಕೆಲಸ ಉಳಿಯುತ್ತದೆ.

ಪಿಸ್ಟನ್ ತಿರುಗಿಸುವ ಕಿಟ್ ನಾನು ಬೆಂಗಳೂರಿನಿಂದ ತರಿಸಿಕೊಂಡಿದ್ದೇನೆ. ನೀಲಿ ಡಬ್ಬಿ, ಎಡ ಬಲ ಎರಡೂ ತಿರುಪು, ಬಿಲ್ಲೆಗಳು ಎಲ್ಲ ಇವೆ. ಬೆಳಗಿನ ರೈಲಿನ ಹೊತ್ತಿಗೆ ನಾನು ಅರಸೀಕೆರೆ ಸ್ಟೇಷನ್ ಮುಂದೆ ಇರುತ್ತೇನೆ, ಡಿಕ್ಕಿಯಲ್ಲಿ ಡಬ್ಬಿಯೂ ಇರುತ್ತದೆ. ನಿಮ್ಮದೇ ಒಂದು ಕೊಳ್ಳುವವರೆಗೆ ಇದನ್ನೇ ಒಯ್ಯಿರಿ, ದುಡ್ಡು ಬೇಡ. ವಾಪಸು ಕೊಡುವಾಗ ಬಿಲ್ಲೆಗಳನ್ನು ಒರೆಸಿ, ಎಣಿಸಿ ಕೊಡಿ.

ಇಂತಿ ನಿಮ್ಮವನು,
ಅರಸೀಕೆರೆಯ ಒಬ್ಬ ಬಾಡಿಗೆ ಕಾರಿನವನು